ಈ ಹೊತ್ತಿಗೆ ಸಾಕಾಗುವಷ್ಟು ಧೈರ್ಯ

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲ. ಮಾರ್ಚ್ ಕೊನೆಯ ಒಂದು ಸಂಜೆ ಮಾಲೀಕರು ಸ್ಟಾಕ್ ರಿಜಿಸ್ಟರನ್ನು ನನ್ನ ಮುಂದಿಟ್ಟು, ‘ಇಲ್ಲೊಂದು ಸಹಿ ಹಾಕ್ಬಿಡಿ’ ಅಂದರು. ಗೋಡೌನಿನಲ್ಲಿ ಇಲ್ಲದ ಮಾಲು ಪುಸ್ತಕದಲ್ಲಿತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಪೆನ್ನಿನ ಕ್ಯಾಪ್ ತೆಗೆದು ಅವರೇ ಕೈಗೆ ಕೊಟ್ಟರು. ಬಾಯಿ ಒಣಗಿ ನಾಲಿಗೆ ಹೊರಳಲಿಲ್ಲ. ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು, ಗಾಡಿ ಸಾಲ ಮೂರೂ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಸಹಿ ಹಾಕಿದೆ.

ಆ ಭಾನುವಾರ ಚರ್ಚಿನ ಆರಾಧನೆಯಲ್ಲಿ ‘ಭಯಪಡಬೇಡ’ ಅನ್ನುವ ಬೈಬಲ್ ವಾಕ್ಯದ ಮೇಲೆಯೇ ಪ್ರಸಂಗ (ಉಪದೇಶ). ಚೆನ್ನಾಗಿಯೇ ಇತ್ತು. ಆದರೆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಪೆನ್ನು ಕೈಗೆ ಬಂದಾಗ, ಭಯಪಡದೆ ಇರಲು ಮೊದಲು ಮಾಡಬೇಕಾದದ್ದು ಏನು? ಅದನ್ನು ಯಾರೂ ಹೇಳಲಿಲ್ಲ. ಆಮೇಲೆ ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸಭಾಪಾಲಕನಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಲೆಕ್ಕದವನು. ಹಾಗಾಗಿ ಎಷ್ಟು, ಯಾವಾಗ, ಎಲ್ಲಿ ಅನ್ನುವ ಲೆಕ್ಕದಲ್ಲೇ ಹೇಳುತ್ತೇನೆ.

ಎಷ್ಟು ಕೇಳಬೇಕು ಅನ್ನುವುದು ಮೊದಲು ಗೊತ್ತಿರಲಿ

ನಮ್ಮಲ್ಲಿ ಬಹಳ ಜನ ಧೈರ್ಯವನ್ನು ಸಗಟಾಗಿ ಕೇಳುತ್ತೇವೆ. ‘ಸ್ವಾಮಿ, ನನ್ನನ್ನು ಧೈರ್ಯಶಾಲಿ ಮಾಡು.’ ಒಂದು ವಾರ ಕಾಯುತ್ತೇವೆ, ಒಳಗೆ ಏನೂ ಬದಲಾದ ಹಾಗೆ ಕಾಣುವುದಿಲ್ಲ, ನಮ್ಮ ವಿಶ್ವಾಸದಲ್ಲೇ ಏನೋ ಕೊರತೆ ಅಂದುಕೊಂಡು ಸುಮ್ಮನಾಗುತ್ತೇವೆ.

ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಚಿಕ್ಕಂದಿನಿಂದ ಬಾಯಿಪಾಠ ಹೇಳಿದವನಿಗೆ ಒಂದು ಪದ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು.’ ಈ ಹೊತ್ತು ಅಂದರೆ ಇವತ್ತು, ಮಂಡ್ಯದ ಕಡೆಯ ನಮ್ಮಜ್ಜಿ ‘ಈವೊತ್ತು’ ಅನ್ನುತ್ತಿದ್ದರಲ್ಲ, ಅದೇ. ಹೊತ್ತು ಅಂದರೆ ವೇಳೆ ಕೂಡ. ಊಟದ ಹೊತ್ತು, ಸಂಜೆ ಹೊತ್ತು. ಕೇಳಬೇಕಾದದ್ದು ಈ ಹೊತ್ತಿಗೆ ಎಷ್ಟು ಬೇಕೋ ಅಷ್ಟನ್ನು. ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನದ (ಇಸ್ರಾಯೇಲ್ಯರಿಗೆ ಆಕಾಶದಿಂದ ಬಿದ್ದ ಆಹಾರದ) ಕಥೆಯೂ ಇದೇ ಲೆಕ್ಕದ್ದು. ಅರಣ್ಯದಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಿದ್ದದ್ದನ್ನು ಅವತ್ತಿಗೆ ಬೇಕಾದಷ್ಟು ಕೂಡಿಸಿಕೊಳ್ಳಬೇಕಿತ್ತು. ನಾಳೆಗಿರಲಿ ಅಂತ ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಪಾಲು ಮಾತ್ರ ಮುಂಚೆಯೇ ಸಿಗುತ್ತಿತ್ತು.

ಹಾಗಾಗಿ ಪ್ರಾರ್ಥನೆಗೆ ಗಡಿ ಹಾಕಿ. ‘ಹನ್ನೊಂದರ ಮೀಟಿಂಗ್ ಮುಗಿಯುವ ತನಕ.’ ‘ಡಾಕ್ಟರು ರಿಪೋರ್ಟ್ ಓದಿ ಹೇಳಿ ಮುಗಿಸುವ ತನಕ.’ ‘ಮನೆ ಓನರ್ ಬಾಗಿಲು ತೆಗೆದು ನಾನು ಒಂದು ವಾಕ್ಯ ಹೇಳುವ ತನಕ.’ ಮುಂದಿನದಕ್ಕೆ ಮುಂದೆ ಕೇಳಿದರಾಯಿತು.

ಭಯವನ್ನು ಒಂದು ಚೀಟಿಗೆ ಇಳಿಸಿ

‘ಯಾಕೋ ಹೆದರಿಕೆ’ ಅನ್ನುವುದಕ್ಕೆ ಕೈಕಾಲು ಇರುವುದಿಲ್ಲ, ಅದನ್ನು ಎಲ್ಲಿ ಹಿಡಿಯುವುದು? ಅಂಗೈ ಅಗಲದ ಕಾಗದ ತೆಗೆದುಕೊಂಡು ನಾಲ್ಕು ಸಂಗತಿ ಬರೆಯಿರಿ: ಯಾವ ದಿನ, ಎಲ್ಲಿ, ಯಾರ ಮುಂದೆ, ಏನಾಗಿಬಿಡುತ್ತದೆ ಅಂತ ಭಯ. ನನ್ನ ಒಂದು ಚೀಟಿ ಹೀಗಿತ್ತು: ‘ಸೆಪ್ಟೆಂಬರ್ ಕೊನೆ. ಮಾಲೀಕರ ಕ್ಯಾಬಿನ್. ಸಹಿ ಹಾಕಲ್ಲ ಅಂದರೆ ನಾಳೆಯಿಂದ ಬರಬೇಡ ಅಂತಾರೆ.’ ಬರೆದು ಬೈಬಲಿನ ಒಳಗಿಟ್ಟೆ. ಅಮ್ಮನ ಬೈಬಲ್ ಅದು, ಬೆನ್ನು ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದು, ಕೀರ್ತನೆಗಳ ಪುಟಗಳಲ್ಲಿ ಒಗ್ಗರಣೆ ಎಣ್ಣೆಯ ಕಲೆ. ಅಡುಗೆ ಮಾಡುತ್ತಲೇ ಓದುತ್ತಿದ್ದರು.

ಚೀಟಿಯನ್ನು ದೇವರ ಮುಂದೆ ಗಟ್ಟಿಯಾಗಿ ಓದಿ. ಅಲಂಕಾರ ಬೇಡ. ‘ಪರಿಶುದ್ಧನೂ ಸರ್ವಶಕ್ತನೂ’ ಅಂತ ಐದು ನಿಮಿಷ ಪೀಠಿಕೆ ಹಾಕುವಷ್ಟರಲ್ಲಿ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಬೈಬಲಿನ ರಾಜ ದಾವೀದನ ಕೀರ್ತನೆಗಳಲ್ಲಿ ಎಷ್ಟೋ ಶುರುವಾಗುವುದೇ ದೂರಿನಿಂದ. ‘ಎಲ್ಲಿಯವರೆಗೆ?’ ಅಂತ ನೇರವಾಗಿ ಕೇಳುತ್ತಾನೆ. ಹೆದರಿದ್ದನ್ನು ಒಪ್ಪಿಕೊಂಡರೆ ದೇವರಿಗೆ ಅವಮಾನ ಅಂದುಕೊಂಡಿದ್ದರೆ ಶಿಲುಬೆಗೆ ಮುಂಚಿನ ಗೆತ್ಸೇಮನೆ ತೋಟದ ರಾತ್ರಿಯನ್ನು ಇನ್ನೊಮ್ಮೆ ಓದಿ. ಯೇಸು ಅಲ್ಲಿ ದಿಗಿಲುಪಟ್ಟ ಅಂತ ಸುವಾರ್ತೆ ಬರೆದ ಮಾರ್ಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಸಾಧ್ಯವಾದರೆ ಇದು ತಪ್ಪಲಿ ಅಂತ ಬೇಡಿಕೊಂಡ. ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದ. ಆಮೇಲೆ ಎದ್ದು, ‘ನಡೆಯಿರಿ, ಹೋಗೋಣ’ ಅಂದ.

ಇಲ್ಲೊಂದು ಅಡ್ಡಮಾತು. ಬೈಬಲಿನಲ್ಲಿ ‘ಭಯಪಡಬೇಡ’ ಅನ್ನುವ ಮಾತು 365 ಸಲ ಇದೆ, ದಿನಕ್ಕೊಂದು, ಅಂತ ಪ್ರಸಂಗಗಳಲ್ಲಿ, ವಾಟ್ಸಾಪ್ ಫಾರ್ವರ್ಡುಗಳಲ್ಲಿ ಬರುತ್ತಿರುತ್ತದೆ. ಎಣಿಸಿ ನೋಡಿದರೆ ಅಷ್ಟು ಸಿಗುವುದಿಲ್ಲ. ಲೆಕ್ಕದವನಾದ್ದರಿಂದ ಹೇಳದೆ ಇರಲಾಗಲಿಲ್ಲ. ಇರುವಷ್ಟೇ ಧಾರಾಳ.

ಒಂದೇ ಒಂದು ವಾಕ್ಯ, ಬಾಯಿಗೆ ಬರುವ ಹಾಗೆ

ಭಯ ಬಂದಾಗ ಮೊಬೈಲ್ ತೆಗೆದು ಬೈಬಲ್ ಆ್ಯಪಿನಲ್ಲಿ ಹುಡುಕಲು ಕೂತರೆ ಆಗುವುದಿಲ್ಲ. ಆಗ ತಲೆ ಓಡುವುದಿಲ್ಲ, ನಾಲಿಗೆಗೆ ಮೊದಲೇ ರೂಢಿಯಾದದ್ದು ಮಾತ್ರ ಹೊರಗೆ ಬರುತ್ತದೆ. ತಿಂಗಳಿಗೆ ಒಂದು ವಾಕ್ಯ ಸಾಕು.

ಶುರುಮಾಡುವವರಿಗೆ ನಾನು ಹೇಳುವುದು 56ನೇ ಕೀರ್ತನೆಯ ಮೂರನೇ ವಚನ: ‘ನನಗೆ ಹೆದರಿಕೆಯುಂಟಾದಾಗ ನಿನ್ನನ್ನೇ ಆಶ್ರಯಿಸಿಕೊಳ್ಳುವೆನು.’ ದಾವೀದನನ್ನು ಶತ್ರುಗಳಾದ ಫಿಲಿಷ್ಟಿಯರು ಗತ್ ಊರಿನಲ್ಲಿ ಹಿಡಿದಾಗಿನದು ಅಂತ ಅದರ ತಲೆಬರಹದಲ್ಲಿದೆ. ‘ಉಂಟಾದರೆ’ ಅನ್ನಲಿಲ್ಲ, ‘ಉಂಟಾದಾಗ’ ಅಂದ. ದೈತ್ಯ ಗೊಲ್ಯಾತನನ್ನು ಕೆಡವಿದವನಿಗೇ ಹೆದರಿಕೆ ಬಂದೇ ಬರುತ್ತದೆ ಅನ್ನುವುದು ಗೊತ್ತಿತ್ತು. ಮೊದಲರ್ಧಕ್ಕೆ ಉಸಿರು ಒಳಗೆ, ಎರಡನೆಯರ್ಧಕ್ಕೆ ಉಸಿರು ಹೊರಗೆ, ನಿಧಾನವಾಗಿ. ಹತ್ತು ಸಲ ಹೇಳುವುದರೊಳಗೆ ಎದೆಬಡಿತ ಒಂದಿಷ್ಟು ಹದಕ್ಕೆ ಬರುತ್ತದೆ. ಇದರಲ್ಲಿ ಪವಾಡ ಏನೂ ಇಲ್ಲ, ಉಸಿರನ್ನು ಉದ್ದ ಬಿಟ್ಟರೆ ದೇಹ ಸಡಿಲಗೊಳ್ಳುತ್ತದೆ. ದೇವರು ಮಾಡಿದ ದೇಹವೇ ತಾನೆ.

ಇನ್ನೊಂದು, ಎಲ್ಲರಿಗೂ ಗೊತ್ತಿರುವ 23ನೇ ಕೀರ್ತನೆ. ಅದನ್ನು ಕನ್ನಡದಲ್ಲೇ ಕಲಿಯಿರಿ ಅನ್ನುವುದಕ್ಕೆ ಕಾರಣವಿದೆ. ನಾಲ್ಕನೇ ವಚನದ ಕೊನೆ ನಮ್ಮ ಹಳೆಯ ಬೈಬಲಿನಲ್ಲಿ ಹೀಗಿದೆ: ‘ನಿನ್ನ ದೊಣ್ಣೆಯೂ ಕೋಲೂ ನನಗೆ ಧೈರ್ಯಕೊಡುತ್ತವೆ.’ ಇಂಗ್ಲಿಷಿನಲ್ಲಿ ಈ ಜಾಗದಲ್ಲಿರುವುದು ಸಾಂತ್ವನ ಅನ್ನುವ ಅರ್ಥದ ಮಾತು. ನಮ್ಮವರು ಧೈರ್ಯ ಅಂದರು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಕೆಲಸದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಆಮೇಲೆ ಪರಿಷ್ಕರಣೆಯ ಮೇಲೆ ಪರಿಷ್ಕರಣೆಯಾಯಿತು. ಅದರಲ್ಲಿ ಯಾವ ಪಂಡಿತರ ಲೇಖನಿಯಿಂದ ಈ ಪದ ಇಳಿಯಿತೋ, ಅವರಿಗೆ ಕುರುಬರ ಬದುಕು ಗೊತ್ತಿತ್ತು ಅನ್ನಿಸುತ್ತದೆ. ಶಿರಾ, ಹಿರಿಯೂರು ಕಡೆ ರಸ್ತೆಬದಿ ಮಂದೆ ಹೊಡೆದುಕೊಂಡು ಹೋಗುವವರನ್ನು ನೋಡಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ತೋಳ ಬಂದರೆ ಬಾರಿಸುವುದೂ ಅದರಲ್ಲೇ, ದಾರಿ ತಪ್ಪಿದ ಮರಿಯನ್ನು ಮಂದೆಗೆ ತಳ್ಳುವುದೂ ಅದರಲ್ಲೇ. ಕುರಿಗೆ ಧೈರ್ಯ ಬರುವುದು ತನ್ನ ಕೊಂಬಿನಿಂದಲ್ಲ.

ಇದನ್ನು ರೂಢಿ ಮಾಡಿಕೊಳ್ಳಲು ನನಗೆ ಸಿಕ್ಕ ಜಾಗ ಮೆಟ್ರೋ. ಹಸಿರು ಮಾರ್ಗದಲ್ಲಿ ಪೀಣ್ಯದ ಕಡೆ ಹೊರಟರೆ, ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ನೆಲದೊಳಕ್ಕೆ ಇಳಿಯುತ್ತದೆ. ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್ ಮುಗಿಸಿ ಮತ್ತೆ ಬೆಳಕಿಗೆ ಬರುತ್ತದೆ. ಕಿಟಕಿಯಲ್ಲಿ ಕತ್ತಲಾದ ಕೂಡಲೇ ‘ಯೆಹೋವನು ನನಗೆ ಕುರುಬನು’ ಅಂತ ಶುರುಮಾಡುತ್ತಿದ್ದೆ, ಮನಸ್ಸಿನಲ್ಲೇ. ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗಿದಾಗ ಯಾರದೋ ಟಿಫಿನ್ ಬ್ಯಾಗು ಪಕ್ಕೆಗೆ ಒತ್ತುತ್ತಿರುವಾಗಲೇ ಕೀರ್ತನೆಯಲ್ಲಿ ಕಾರ್ಗತ್ತಲಿನ ಕಣಿವೆಯ ಸಾಲು ಬರುತ್ತಿತ್ತು. ಶ್ರೀರಾಮಪುರ ಬರುವಷ್ಟರಲ್ಲಿ ಎರಡು ಸಲ ಹೇಳಿ ಮುಗಿದಿರುತ್ತಿತ್ತು. ಬಸ್ಸಿನವರು ಸಿಲ್ಕ್ ಬೋರ್ಡ್ ಸಿಗ್ನಲ್ ಇಟ್ಟುಕೊಳ್ಳಬಹುದು, ಅಲ್ಲಿ ಇಡೀ ಕೀರ್ತನೆಗಳ ಪುಸ್ತಕಕ್ಕೇ ಸಮಯವಿದೆ.

ನೆಹೆಮೀಯನ ಹಾಗೆ: ಒಂದುಸಿರಿನ ಪ್ರಾರ್ಥನೆ, ನಾಲ್ಕು ತಿಂಗಳ ತಯಾರಿ

ಈ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳಲು ಆಗುವುದಾದರೆ ಇದನ್ನು ಇಟ್ಟುಕೊಳ್ಳಿ. ಬೈಬಲಿನ ನೆಹೆಮೀಯ ಪಾರಸಿಯ (ಪರ್ಷಿಯಾದ) ರಾಜನಿಗೆ ಪಾನ ಕೊಡುವ ಕೆಲಸದಲ್ಲಿದ್ದವನು. ತನ್ನ ಪೂರ್ವಿಕರ ಊರಾದ ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಕೇಳಿ ಮುಖ ಬಾಡಿತ್ತು. ‘ಯಾಕೆ ಹೀಗಿದ್ದೀಯ?’ ಅಂತ ರಾಜ ಕೇಳಿಬಿಟ್ಟ. ತನಗೆ ಬಹಳ ಭಯವಾಯಿತು ಅಂತ ನೆಹೆಮೀಯನೇ ಬರೆದುಕೊಂಡಿದ್ದಾನೆ. ‘ನಿನಗೆ ಏನು ಬೇಕು?’ ಅನ್ನುವ ಪ್ರಶ್ನೆ ಬಂತು. ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಪರಲೋಕದ ದೇವರಿಗೆ ಪ್ರಾರ್ಥಿಸಿದ. ರಾಜನ ಎದುರು ಮೊಣಕಾಲೂರುವ ಹಾಗಿಲ್ಲ, ಕಣ್ಣು ಮುಚ್ಚುವ ಹಾಗಿಲ್ಲ. ಒಂದು ಉಸಿರಿನಲ್ಲಿ ಮುಗಿದಿರಬೇಕು.

ಆದರೆ ಉತ್ತರ ನೋಡಿ. ಊರನ್ನು ಮತ್ತೆ ಕಟ್ಟಲು ಕಳಿಸಿಕೊಡಿ ಅಂದ, ಎಷ್ಟು ದಿನ ಬೇಕು ಅಂತ ಹೇಳಿದ. ದಾರಿಯ ಅಧಿಪತಿಗಳಿಗೆ ಪತ್ರ ಕೇಳಿದ. ಬಾಗಿಲುಗಳಿಗೆ ಮರ ಬೇಕು, ರಾಜವನ ಕಾಯುವ ಆಸಾಫನಿಗೂ ಒಂದು ಪತ್ರ ಕೊಡಿ ಅಂದ. ಆ ಕ್ಷಣಕ್ಕೆ ಹೊಳೆದ ಮಾತುಗಳಲ್ಲ ಇವು. ಸುದ್ದಿ ಬಂದದ್ದಕ್ಕೂ ಈ ದಿನಕ್ಕೂ ನಡುವೆ ಸುಮಾರು ನಾಲ್ಕು ತಿಂಗಳು ಕಳೆದಿತ್ತು. ಉಪವಾಸ, ಪ್ರಾರ್ಥನೆಗಳ ಜೊತೆ ಮರದ ಲೆಕ್ಕವನ್ನೂ ಮಾಡಿಟ್ಟಿದ್ದ.

ಸೆಪ್ಟೆಂಬರ್ ಬರುವ ಮುಂಚೆ ನಾನೂ ಮೂರು ಕೆಲಸ ಮಾಡಿದೆ. ನೀವು ಯಾವುದಕ್ಕೆ ಹೆದರುತ್ತಿದ್ದರೂ ಈ ಮೂರು ಉಪಯೋಗಕ್ಕೆ ಬರುತ್ತವೆ.

ಕೆಲಸ ಹೋದರೆ ಎಷ್ಟು ತಿಂಗಳು ನಡೆಯುತ್ತದೆ ಅಂತ ಹೆಂಡತಿಯ ಜೊತೆ ಕೂತು ಲೆಕ್ಕ ಹಾಕಿದೆ. ಮೂರೂವರೆ ತಿಂಗಳು ಅಂತ ಬಂತು. ‘ಬೀದಿಗೆ ಬೀಳ್ತೀವಿ’ ಅನ್ನುವುದಕ್ಕಿಂತ ‘ಮೂರೂವರೆ ತಿಂಗಳು’ ಅನ್ನುವುದು ಚಿಕ್ಕ ಭಯ. ಎರಡನೆಯದು, ಸ್ಟೋರ್ ನೋಡಿಕೊಳ್ಳುವವರ ಜೊತೆ ನಿಂತು ಮಾಲು ಎಣಿಸಿ, ನಿಜವಾದ ಪಟ್ಟಿಯೊಂದನ್ನು ಬರೆದಿಟ್ಟೆ. ಬರೀ ‘ಆಗಲ್ಲ’ ಅನ್ನುವ ಬದಲು ಕೈಯಲ್ಲಿ ಏನಾದರೂ ಹಿಡಿದು ‘ಇದಾದರೆ ಆಗುತ್ತೆ’ ಅನ್ನುವುದು ಸುಲಭ. ಮೂರನೆಯದು, ಹೇಳಬೇಕಾದ ಮಾತನ್ನು ಒಂದೇ ವಾಕ್ಯಕ್ಕೆ ಇಳಿಸಿ ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಮೊದಲ ಸಲ ದನಿ ಒಡೆಯಿತು. ಒಡೆಯುವುದು ಅಲ್ಲೇ ಒಡೆಯಲಿ.

ದಿನ ಬಂತು. ಅದೇ ಕ್ಯಾಬಿನ್, ಅದೇ ರಿಜಿಸ್ಟರ್. ಪೆನ್ನು ಈ ಸಲ ಮೇಜಿನ ಮೇಲಿತ್ತು. ನನ್ನ ಒಂದುಸಿರಿನ ಪ್ರಾರ್ಥನೆ ‘ಅಪ್ಪಾ, ಈಗ’ ಅನ್ನುವುದಷ್ಟೇ. ‘ಸಾರ್, ಇದಕ್ಕೆ ಹಾಕಲಾರೆ. ಎಣಿಸಿದ್ದು ಇಷ್ಟಿದೆ, ಇದಕ್ಕೆ ಹಾಕಿಕೊಡ್ತೀನಿ’ ಅಂದೆ. ಕೈ ನಡುಗುತ್ತಿತ್ತು, ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ. ಅವರು ಏನೂ ಅನ್ನಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ರಿಜಿಸ್ಟರ್ ಮುಚ್ಚಿ ಎಳೆದುಕೊಂಡರು. ಆ ವರ್ಷ ಇನ್‌ಕ್ರಿಮೆಂಟ್ ಬರಲಿಲ್ಲ, ಜನವರಿಯಲ್ಲಿ ನಾನೇ ಬೇರೆ ಕಡೆ ಸೇರಿದೆ, ಸಂಬಳ ಮೂರು ಸಾವಿರ ಕಡಿಮೆ. ಆಫೀಸಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು ಅಂತ ಚರ್ಚಿನಲ್ಲಿ ಜನ ಹೇಳಿಕೊಳ್ಳುವ ಸಾಕ್ಷಿಗಳನ್ನು ಕೇಳಿದಾಗ ನನಗೆ ಸ್ವಲ್ಪ ಅನುಮಾನ ಬರುವುದು ಇದಕ್ಕೇ.

ಹೇಳಿಕೊಳ್ಳಲು ಒಬ್ಬರು

ಗೆತ್ಸೇಮನೆಗೆ ಯೇಸು ಒಬ್ಬನೇ ಹೋಗಲಿಲ್ಲ, ಮೂವರನ್ನು ಹತ್ತಿರ ಇಟ್ಟುಕೊಂಡ. ಅವರು ನಿದ್ದೆ ಹೋದರು ಅನ್ನುವುದು ಬೇರೆ. ನಿಮಗೆ ಒಬ್ಬರು ಸಾಕು. ಆದರೆ ಆರಿಸಿಕೊಳ್ಳುವಾಗ ಹುಷಾರು. ‘ಪ್ರಾರ್ಥನೆಗಾಗಿ ಹೇಳ್ತಿದ್ದೀನಿ’ ಅಂತ ಊರಿಗೆಲ್ಲ ಹಂಚುವವರು ಪ್ರತಿ ಸಭೆಯಲ್ಲೂ ಇದ್ದಾರೆ. ನಿಮ್ಮ ಕಷ್ಟ ಸಂಜೆಯೊಳಗೆ ಮೂರು ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಬೇರೆಯವರ ವಿಷಯವನ್ನು ನಿಮ್ಮ ಹತ್ತಿರ ಎಂದೂ ಆಡದವರನ್ನು ಹುಡುಕಿ. ಅವರಿಗೆ ಚೀಟಿ ತೋರಿಸಿ, ದಿನ ಮತ್ತು ಗಂಟೆ ಹೇಳಿ, ಆ ಹೊತ್ತಿಗೆ ನೆನೆಸಿಕೊಳ್ಳಿ ಅಂತ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಫೋನ್ ಮಾಡಿ. ಫೋನ್ ಮಾಡಬೇಕಲ್ಲ ಅನ್ನುವ ಮುಲಾಜಿಗೇ ನಾನು ಎಷ್ಟೋ ಸಲ ಹಿಂದೆ ಸರಿಯದೆ ಉಳಿದಿದ್ದೇನೆ.

ಊರಿಗೆ ಹೊಸಬರಾಗಿ ಯಾರೂ ಗೊತ್ತಿಲ್ಲದಿದ್ದರೆ ಸುಮ್ಮನೆ ಹೋಗಿ ಕೂರುವ ಜಾಗದಿಂದ ಶುರುಮಾಡಿ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ದೇವಾಲಯ 1904ರದು, ಕನ್ನಡ ಸಭೆಯದು. ಇಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ಅವರ ಹೆಸರು ಅದಕ್ಕೆ. ಕಥೋಲಿಕರಿಗೆ ವಿವೇಕನಗರದ ಬಾಲಯೇಸುವಿನ ಗುರುವಾರಗಳು ಗೊತ್ತೇ ಇವೆ. ಕ್ರೈಸ್ತರಲ್ಲದವರೂ ಅಲ್ಲಿ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬದ ಗದ್ದಲ ಬಿಟ್ಟು ಬೇರೆ ದಿನ ಮಧ್ಯಾಹ್ನ ಹೋಗಿ. ಹೊರಗೆ ರಸೆಲ್ ಮಾರ್ಕೆಟ್ಟಿನ ಕೂಗಾಟ, ಒಳಗೆ ಯಾರೋ ಮೊಣಕಾಲೂರಿ ಜಪಸರ ತಿರುಗಿಸುತ್ತಿರುತ್ತಾರೆ. ಆ ಪಕ್ಕದ ಬೆಂಚಿನಲ್ಲಿ ಕೂತರೆ ಸಾಕು.

ಊಟ, ನಿದ್ದೆ, ಬೇಕಾದರೆ ಡಾಕ್ಟರು

ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಮೇಲೆ ರಾಣಿಯ ಒಂದು ಬೆದರಿಕೆಗೆ ಓಡಿಹೋಗಿ ಗಿಡದ ಕೆಳಗೆ ಬಿದ್ದು, ಸಾವು ಬರಲಿ ಅಂದ. ದೇವದೂತ ಬಂದು ಬುದ್ಧಿವಾದ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಇನ್ನೊಮ್ಮೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆಯೇ ಪ್ರಯಾಣ.

ವಾರಗಟ್ಟಲೆ ನಿದ್ದೆ ಇಲ್ಲ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರೂ ಬೇಕು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ವಿಶ್ವಾಸವಿದ್ದರೆ ಮಾತ್ರೆ ಬಿಡು ಅನ್ನುವವರು ಯಾರೇ ಆಗಿರಲಿ, ಎಷ್ಟೇ ದೊಡ್ಡ ಕೂಟ ನಡೆಸುತ್ತಿರಲಿ, ಅವರ ಮಾತು ಕೇಳಬೇಡಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ‘ಶಿಲುಬೆ ಹೊರಬೇಕಮ್ಮ’ ಅನ್ನುವವರದೂ ಅಷ್ಟೇ. ಅಲ್ಲಿ ಧೈರ್ಯ ಅಂದರೆ ಮಹಿಳಾ ಸಹಾಯವಾಣಿ 181ಕ್ಕೋ ತುರ್ತು ಸಂಖ್ಯೆ 112ಕ್ಕೋ ಫೋನ್ ಮಾಡುವುದು.

ಸೋತ ದಿನ

ಸೋಲುತ್ತೀರಿ. ಮೇಲಿನದೆಲ್ಲ ಮಾಡಿಯೂ ಆ ಗಳಿಗೆಯಲ್ಲಿ ಬಾಯಿ ಕಟ್ಟಿಹೋಗುತ್ತದೆ, ಮನೆಗೆ ಬಂದು ಹೇಳಬೇಕಿದ್ದ ಮಾತುಗಳನ್ನು ಗೋಡೆಗೆ ಹೇಳುತ್ತೀರಿ.

ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ‘ಅವನನ್ನು ನಾನರಿಯೆ’ ಅಂದದ್ದು ಇದ್ದಿಲು ಬೆಂಕಿಯ ಪಕ್ಕ. ಯೋಹಾನನ ಸುವಾರ್ತೆಯಲ್ಲಿ ಇದ್ದಿಲು ಬೆಂಕಿ ಇನ್ನೊಮ್ಮೆ ಬರುವುದು 21ನೇ ಅಧ್ಯಾಯದಲ್ಲಿ, ಕೆರೆಯ ದಡದಲ್ಲಿ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ, ‘ಬನ್ನಿ, ಊಟ ಮಾಡಿ’ ಅನ್ನುತ್ತಾ ಯೇಸು. ಆ ಹೊಗೆಯ ವಾಸನೆಗೆ ಪೇತ್ರನಿಗೆ ಏನೇನು ನೆನಪಾಗಿರಬೇಕು. ಊಟ ಮುಗಿದ ಮೇಲೆ, ಮೂರು ಸಲ ಅಲ್ಲಗಳೆದವನನ್ನು ಯೇಸು ಮೂರು ಸಲ ಕೇಳಿದ, ‘ನನ್ನನ್ನು ಪ್ರೀತಿಸುತ್ತೀಯೋ?’ ಮೂರು ಸಲ ಕೆಲಸ ಒಪ್ಪಿಸಿದ. ಏಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ.

ಹಾಗಾಗಿ ಸೋತ ದಿನ ಊಟ ಬಿಡಬೇಡಿ. ನಡೆದದ್ದನ್ನು ಚೀಟಿಯ ಹಿಂದೆ ಬರೆಯಿರಿ, ನಿಮ್ಮ ಆ ಒಬ್ಬರಿಗೆ ಹೇಳಿ, ಕಥೋಲಿಕರಾದರೆ ಗುರುಗಳ ಬಳಿ ಪಾಪನಿವೇದನೆ ಮಾಡಿ. ಸರಿಪಡಿಸಬಹುದಾದದ್ದು ಇದ್ದರೆ ಅದಕ್ಕೊಂದು ಹೊಸ ಚೀಟಿ. ಸೆಪ್ಟೆಂಬರಿನ ಆ ದಿನ ಕ್ಯಾಬಿನ್ನಿನಿಂದ ಹೊರಡುವ ಮುಂಚೆ, ‘ಸಾರ್, ಮಾರ್ಚಿನದನ್ನೂ ಸರಿ ಮಾಡಬೇಕಿತ್ತು’ ಅಂದೆ. ‘ಅದು ಮುಗಿದುಹೋದದ್ದು’ ಅಂದರು. ಆಮೇಲೆ ಎರಡು ಸಲ ಕೇಳಿದೆ, ಅದೇ ಉತ್ತರ. ಆ ಚೀಟಿಯ ಹಿಂಭಾಗ ಇನ್ನೂ ಖಾಲಿಯೇ ಇದೆ, ಅಮ್ಮನ ಬೈಬಲಿನಲ್ಲಿ, ಎಣ್ಣೆ ಕಲೆಯ ಪುಟದಲ್ಲಿ.